ದೂರದ ಜ್ವಾಲಾಮುಖಿ, ನಮ್ಮ ಮುಂಗಾರು

ಕುಮಟಾ ತಾಲ್ಲೂಕಿನ ಯಾಣದಲ್ಲಿ ಭಸ್ಮಾಸುರನು ಸುಟ್ಟು ಬೂದಿಯಾದನೆಂಬ ಐತಿಹ್ಯವಿದ್ದು, ಅಲ್ಲಿನ ಮಣ್ಣು ಕಪ್ಪಾಗಿರುವುದಕ್ಕೆ ಆ ಬೂದಿಯೇ ಕಾರಣವೆಂದು ಜನ ಹೇಳುತ್ತಾರೆ. ಕಡುಗಪ್ಪಾಗಿ ಮೇಲೆದ್ದಿರುವ ಆ ಬಂಡೆಗಳು ಲಾವಾದಿಂದ ಹುಟ್ಟಿದವಲ್ಲ, ಸುಣ್ಣಕಲ್ಲಿನವು. ಉತ್ತರ ಕನ್ನಡದಲ್ಲಿ ಜೀವಂತ ಜ್ವಾಲಾಮುಖಿಯೇ ಇಲ್ಲ. ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿ ಇರುವುದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದಲ್ಲಿ. ಆದರೂ ಈ ವಿಷಯ ನಮಗೆ ದೂರದ್ದಲ್ಲ. ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳೂ ಅಘನಾಶಿನಿ ದಂಡೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತವೂ ನಂಬಿಕೊಂಡಿರುವುದು ಮುಂಗಾರನ್ನು. ದೊಡ್ಡ ಜ್ವಾಲಾಮುಖಿ ಸ್ಫೋಟಗಳು ಸಾವಿರಾರು ಕಿಲೋಮೀಟರ್ ಆಚೆಯಿಂದಲೇ ಆ ಮುಂಗಾರನ್ನು ದುರ್ಬಲಗೊಳಿಸಬಲ್ಲವು. ಇದು ಖಚಿತವಾಗಿ ತಿಳಿಯಲು ಸುಮಾರು ಇನ್ನೂರು ವರ್ಷ ಹಿಡಿಯಿತು.

ಐಸ್‌ಲ್ಯಾಂಡಿನ ಲಾಕಿಯಲ್ಲಿ 1783ರ ಜೂನ್‌ನಲ್ಲಿ ನೆಲ ಬಿರಿದು, ಎಂಟು ತಿಂಗಳ ಕಾಲ ಲಾವಾ ಹರಿಯಿತು. ಅದರೊಂದಿಗೆ ಹೊರಬಿದ್ದ ಗಂಧಕದ ಡೈಆಕ್ಸೈಡ್ ಸುಮಾರು 12 ಕೋಟಿ ಟನ್. ಆದರೆ ಆ ದ್ವೀಪದ ಜಾನುವಾರುಗಳಿಗೆ ಮೃತ್ಯುವಾದದ್ದು ಮುಖ್ಯವಾಗಿ ಹುಲ್ಲಿನ ಮೇಲೆ ಕೂತ ಫ್ಲೋರಿನ್. ಅದನ್ನು ಮೇದ ಕುರಿಗಳ ಹಲ್ಲು, ಮೂಳೆಗಳು ವಿಕಾರಗೊಂಡು, ಐದರಲ್ಲಿ ನಾಲ್ಕರಷ್ಟು ಕುರಿಗಳು ಸತ್ತವು. ಹಿಂದೆಯೇ ಬಂದ ಕ್ಷಾಮದಲ್ಲಿ ಅಲ್ಲಿನ ಜನಸಂಖ್ಯೆಯ ಐದನೇ ಒಂದು ಭಾಗ ಅಳಿಯಿತು. ಯೂರೋಪನ್ನು ಆ ಬೇಸಿಗೆಯಲ್ಲಿ ಕವಿದ ಒಣ ಮಂಜಿಗೂ ಮುಂದಿನ ಕಡುಚಳಿಗೂ ಸಂಬಂಧವಿರಬಹುದೆಂದು, ಆಗ ಪ್ಯಾರಿಸ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಬರೆದರು. 1783ರಲ್ಲಿ ನೈಲ್ ನದಿಯ ನೀರು ತಗ್ಗಿದ್ದಕ್ಕೂ, ಆಫ್ರಿಕಾ ಮತ್ತು ಭಾರತದ ಮಳೆ ಕುಗ್ಗಿದ್ದಕ್ಕೂ ಲಾಕಿಯ ಪಾತ್ರವಿತ್ತೆಂಬುದನ್ನು ಕಂಪ್ಯೂಟರ್ ಮಾದರಿಗಳು ತೋರಿಸಿದ್ದು ನಮ್ಮ ಕಾಲದಲ್ಲಿ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿದಾಗಲೂ ಹಾಗೆಯೇ ಆಯಿತು. ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ, ಭಾರತದ ಮುಂಗಾರು ಹದಗೆಟ್ಟಿತು, ಕಾರಣ ಮಾತ್ರ ಯಾರಿಗೂ ಹೊಳೆಯಲಿಲ್ಲ.

ತಂತಿ ಸಮಾಚಾರದ ಯುಗದಲ್ಲಿ, 1883ರ ಆಗಸ್ಟ್ 27ರಂದು ಸಿಡಿದ ಇಂಡೋನೇಷ್ಯಾದ ಕ್ರಕಟೋವಾ ದ್ವೀಪದ ಜ್ವಾಲಾಮುಖಿಯಿಂದ ಪರಿಸ್ಥಿತಿ ಬದಲಾಯಿತು. ಸುದ್ದಿ ಕೂಡಲೇ ಹರಡಿತು; ಭಾರತದ ಬಂದರುಗಳ ಉಬ್ಬರವಿಳಿತ ಮಾಪಕಗಳಲ್ಲಿ ಅಲೆಗಳ ಏರಿಳಿತ ದಾಖಲಾಯಿತು; ಸೆಪ್ಟೆಂಬರ್‌ನಲ್ಲಿ ಮದರಾಸಿನ ಜನ ಹಸಿರು ಸೂರ್ಯನನ್ನು ಕಂಡರು. ಇವನ್ನೆಲ್ಲ ಕಲೆಹಾಕಿ ಲಂಡನ್ನಿನ ರಾಯಲ್ ಸೊಸೈಟಿ 1888ರಲ್ಲಿ ವರದಿ ಪ್ರಕಟಿಸಿದಾಗ, ಒಂದು ಪರ್ವತದ ಉಗುಳು ಇಡೀ ಭೂಮಿಯನ್ನು ಸುತ್ತಬಲ್ಲದೆಂಬುದು ಮೊದಲ ಬಾರಿಗೆ ವ್ಯವಸ್ಥಿತವಾಗಿ ದಾಖಲಾಯಿತು. ಸ್ಫೋಟದ ಒಂಬತ್ತು ತಿಂಗಳ ಬಳಿಕ ಆ ದ್ವೀಪಕ್ಕೆ ಹೋದ ತಂಡಕ್ಕೆ ಕಂಡ ಏಕೈಕ ಜೀವಿ ಒಂದು ಸಣ್ಣ ಜೇಡ. ಇಂದು ಅಲ್ಲಿ ದಟ್ಟ ಕಾಡಿದೆ.

ಹವೆಯನ್ನು ಕೆಡಿಸುವುದು ಬೂದಿಯೆಂದೇ ಬಹುಕಾಲ ಭಾವಿಸಲಾಗಿತ್ತು. ಬೂದಿಯ ಬಹುಪಾಲು ದಿನಗಳಲ್ಲೋ ವಾರಗಳಲ್ಲೋ ಕೆಳಗಿಳಿಯುತ್ತದೆ. ಉಳಿಯುವುದು ಗಂಧಕ. ಮಳೆಮೋಡಗಳಿಗಿಂತ ಎತ್ತರದ ವಾಯುಸ್ತರವನ್ನು ತಲುಪಿದ ಗಂಧಕದ ಡೈಆಕ್ಸೈಡ್ ನೀರಾವಿಯೊಡನೆ ಸೇರಿ ಗಂಧಕಾಮ್ಲದ ಅತಿಸೂಕ್ಷ್ಮ ಹನಿಗಳಾಗುತ್ತದೆ; ತೊಳೆಯಲು ಅಲ್ಲಿ ಮಳೆಯಿಲ್ಲದ ಕಾರಣ ಅವು ಒಂದೆರಡು ವರ್ಷ ತೇಲುತ್ತ ಬಿಸಿಲನ್ನು ಬಾಹ್ಯಾಕಾಶಕ್ಕೆ ಮರಳಿಸುತ್ತವೆ. ಬಿಸಿಲು ಮಂಕಾದ ದಿನ ಅಟ್ಟದ ಮೇಲೆ ಹರವಿದ ಅಡಿಕೆ ಒಣಗದಂತೆ ಸಮುದ್ರದ ನೀರೂ ಕಡಿಮೆ ಆವಿಯಾಗುತ್ತದೆ. ಜೊತೆಗೆ ನೆಲವು ಕಡಲಿಗಿಂತ ಬೇಗ ತಣಿಯುವುದರಿಂದ, ಅರಬ್ಬಿ ಸಮುದ್ರದ ಮೇಲಿನ ತೇವದ ಗಾಳಿಯನ್ನು ಸಹ್ಯಾದ್ರಿಯತ್ತ ಸೆಳೆಯುವ ತಾಪಮಾನದ ವ್ಯತ್ಯಾಸ ತಗ್ಗುತ್ತದೆ.

ಫಿಲಿಪ್ಪೀನ್ಸಿನ ಪಿನಾಟುಬೊ 1991ರ ಜೂನ್ 15ರಂದು ಸ್ಫೋಟಿಸಿದಾಗ ಇದನ್ನು ಉಪಗ್ರಹಗಳಿಂದಲೇ ಅಳೆಯಲು ಸಾಧ್ಯವಾಯಿತು. ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಗಂಧಕದ ಡೈಆಕ್ಸೈಡ್ ಮೇಲೇರಿ, ಭೂಮಿಯ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು, ಓಝೋನ್ ಪದರವೂ ತೆಳುವಾಯಿತು. ಮರುವರ್ಷ ಜಗತ್ತಿನ ನೆಲದ ಮೇಲೆ ಬಿದ್ದ ಮಳೆ ಮತ್ತು ನದಿಗಳಿಗೆ ಹರಿದ ನೀರು ಗಣನೀಯವಾಗಿ ಕುಸಿದದ್ದು, ನನ್ನ ದೃಷ್ಟಿಯಲ್ಲಿ, ತಾಪಮಾನದ ಇಳಿಕೆಗಿಂತ ಹೆಚ್ಚು ಗಮನಿಸಬೇಕಾದ ಸಂಗತಿ.

ಸ್ಫೋಟಗಳಿಂದ ಜೀವಿಗಳಿಗೆ ಕೇಡು ಮಾತ್ರ ಆಗುವುದಿಲ್ಲ. ಬೆಳಗಾವಿ, ವಿಜಯಪುರದ ಎರೆಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾ ಸವೆದು ಉಂಟಾದದ್ದು. 2008ರಲ್ಲಿ ಅಲಾಸ್ಕಾದ ಕಸಾಟೋಚಿಯ ಬೂದಿ ಪೆಸಿಫಿಕ್ ಸಾಗರಕ್ಕೆ ಕಬ್ಬಿಣಾಂಶವನ್ನು ಒದಗಿಸಿದಾಗ ಅಲ್ಲಿ ಸಸ್ಯಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಹುಲುಸಾಗಿ ಬೆಳೆದವು. ಕಾರವಾರದ ಬಂಗಡೆ, ತಾರ್ಲೆಗಳಿಗೂ ಮೂಲ ಆಹಾರ ಇಂಥ ಪ್ಲವಕಗಳೇ.

ಭೂಮಿಯ ಬಿಸಿಯನ್ನು ತಗ್ಗಿಸಲು ವಾಯುಸ್ತರದಲ್ಲಿ ಗಂಧಕವನ್ನು ಉದ್ದೇಶಪೂರ್ವಕವಾಗಿ ಚೆಲ್ಲುವ ಬಗ್ಗೆ ಸಂಶೋಧನೆಯಾಗಬೇಕೆಂದು ನೊಬೆಲ್ ಪುರಸ್ಕೃತ ವಿಜ್ಞಾನಿ ಪೌಲ್ ಕ್ರುಟ್ಝನ್ 2006ರಲ್ಲಿ ವಾದಿಸಿದರು. ಅವರ ಮುಂದಿದ್ದ ಉದಾಹರಣೆ ಪಿನಾಟುಬೊ. ಉತ್ತರ ಗೋಳಾರ್ಧದಲ್ಲಷ್ಟೇ ಗಂಧಕವನ್ನು ಚೆಲ್ಲಿದರೆ ಆಫ್ರಿಕಾದ ಸಾಹೆಲ್ ಪ್ರದೇಶಕ್ಕೆ ಬರ ಬರಬಹುದೆಂದು ಮಾದರಿಗಳು ಹೇಳುತ್ತವೆ. ಮಳೆಯನ್ನೇ ನಂಬಿದ ನಮ್ಮಂಥ ಊರುಗಳ ಮಾತಿಗೆ ಈ ಚರ್ಚೆಯಲ್ಲಿ ಜಾಗವಿರಲೇಬೇಕು. ಆದರೆ ಯಾರು, ಎಲ್ಲಿ, ಎಷ್ಟು ಚೆಲ್ಲಬಹುದೆಂದು ನಿರ್ಧರಿಸುವ ಸಮಗ್ರ ಅಂತರರಾಷ್ಟ್ರೀಯ ಒಪ್ಪಂದ ಇನ್ನೂ ರೂಪುಗೊಂಡಿಲ್ಲ.