ಪದ ಪರಿಚಯ: ಕೃತಕ ಸಿಹಿಕಾರಕ

ಕೊಪ್ಪಳದ ಔಷಧಿ ಅಂಗಡಿಗೆ ಹೋಗಿ ‘ಶುಗರ್ ಗುಳಿಗಿ ಕೊಡ್ರಿ’ ಎಂದರೆ ಅಂಗಡಿಯವರು ತಿರುಗಿ ಕೇಳಲೇಬೇಕು: ‘ಶುಗರ್ ಇಳಿಸೋದೋ, ಚಾದಾಗ ಹಾಕೋದೋ?’ ಒಂದೇ ಮಾತು ಎರಡು ವಸ್ತುಗಳಿಗೆ ನಡೆಯುತ್ತಿದೆ. ಮೊದಲನೆಯದು ಔಷಧ. ಎರಡನೆಯದು ಔಷಧವಲ್ಲ, ರಕ್ತದಲ್ಲಿರುವ ಸಕ್ಕರೆಯನ್ನು ಅದು ಇಳಿಸುವುದಿಲ್ಲ. ಸಕ್ಕರೆ ಹಾಕಿದ್ದರೆ ಏರುತ್ತಿದ್ದಷ್ಟು ಏರದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಈ ಎರಡನೆಯ ಗುಳಿಗೆಯೊಳಗಿನ ಸರಕಿಗೆ ಕನ್ನಡದಲ್ಲಿ ಕೃತಕ ಸಿಹಿಕಾರಕ ಎನ್ನುತ್ತೇವೆ.

‘ಸಿಹಿ’ ಅಚ್ಚಗನ್ನಡ, ‘ಕಾರಕ’ ಸಂಸ್ಕೃತ. ಸಿಹಿಯನ್ನು ಉಂಟುಮಾಡುವಂಥದ್ದು ಎಂಬುದಷ್ಟೇ ಅರ್ಥ. ಪದ ತನ್ನ ಮಿತಿಯನ್ನು ತಾನೇ ಹೇಳಿಕೊಂಡಿದೆ: ಇದು ನಾಲಿಗೆಯ ಕೆಲಸ ಮಾಡುತ್ತದೆ, ಸಕ್ಕರೆಯ ಉಳಿದ ಕೆಲಸಗಳನ್ನು ಮಾಡುವುದಿಲ್ಲ. ಈ ವಸ್ತುವಿನ ಬಗ್ಗೆ ಆಗುವ ತಪ್ಪುಗಳಲ್ಲಿ ಬಹುಪಾಲು ಇದನ್ನು ಮರೆತಾಗ ಆಗುವಂಥವು.

ಇವುಗಳಲ್ಲಿ ಹಳೆಯದಾದ ಸ್ಯಾಕರಿನ್ನಿನ ಹೆಸರಿನೊಳಗೆ ನಮ್ಮ ಸಕ್ಕರೆಯೇ ಕೂತಿದೆ. ಸಂಸ್ಕೃತದ ‘ಶರ್ಕರಾ’ ಎಂದರೆ ಮೂಲದಲ್ಲಿ ಕಲ್ಲಿನ ಹರಳು, ಗರಸು. ಅದು ಪ್ರಾಕೃತದಲ್ಲಿ ‘ಸಕ್ಕರಾ’ ಆಗಿ ಕನ್ನಡಕ್ಕೆ ಸಕ್ಕರೆಯಾಗಿ ಬಂತು, ಇತ್ತ ಗ್ರೀಕ್, ಲ್ಯಾಟಿನ್‌ಗಳಲ್ಲಿ ‘ಸ್ಯಾಕರಂ’ ಆಯಿತು. ಅಲ್ಲಿಂದ ಸ್ಯಾಕರಿನ್. ಸಕ್ಕರೆಯ ಒಂದು ಕಣವೂ ಇಲ್ಲದ ವಸ್ತುವಿಗೆ ಸಕ್ಕರೆಯದೇ ಹೆಸರು.

ಹುಟ್ಟಿದ್ದು 1879ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರೊಫೆಸರ್ ಐರಾ ರೆಮ್ಸನ್ ಅವರ ಪ್ರಯೋಗಾಲಯದಲ್ಲಿ. ಕಲ್ಲಿದ್ದಲ ಟಾರಿನಿಂದ ತೆಗೆದ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ ಕಾನ್‌ಸ್ಟಂಟಿನ್ ಫಾಲ್‌ಬರ್ಗ್ ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕೂತಾಗ ಬ್ರೆಡ್ ಸಿಹಿಯಾಯಿತು. ಶೋಧದ ಪ್ರಬಂಧ ಇಬ್ಬರ ಹೆಸರಿನಲ್ಲಿ ಬಂತು, ಪೇಟೆಂಟ್ ಮಾತ್ರ ಫಾಲ್‌ಬರ್ಗ್ ಒಬ್ಬರೇ ಮಾಡಿಸಿಕೊಂಡರು. ರೆಮ್ಸನ್ ಅದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ಆಮೇಲಿನ ಚರಿತ್ರೆಯಲ್ಲಿ ಆರೋಗ್ಯದ ಜೊತೆ ವ್ಯಾಪಾರದ ಜಗಳವೂ ಹೆಣೆದುಕೊಂಡಿದೆ. ಬೀಟ್ ಸಕ್ಕರೆ ಉದ್ಯಮ ಬಲವಾಗಿದ್ದ ಜರ್ಮನಿಯಲ್ಲಿ 1902ರ ಕಾನೂನು ಸ್ಯಾಕರಿನ್ನನ್ನು ಔಷಧದಂಗಡಿಗೆ ಸೀಮಿತಗೊಳಿಸಿತು. ಕೂಡಲೇ ಸ್ವಿಟ್ಜರ್ಲೆಂಡಿನಿಂದ ಕಳ್ಳಸಾಗಣೆ ಶುರುವಾಯಿತು. ಅಮೆರಿಕದಲ್ಲಿ ಆಹಾರ ಶುದ್ಧತೆಗಾಗಿ ಹೋರಾಡುತ್ತಿದ್ದ ಹಾರ್ವಿ ವೈಲಿ ಇದನ್ನು ನಿಷೇಧಿಸಬೇಕು ಎಂದಾಗ, ವೈದ್ಯರ ಸಲಹೆಯಂತೆ ದಿನಾ ಇದನ್ನೇ ಬಳಸುತ್ತಿದ್ದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ‘ಇದು ಕೆಟ್ಟದ್ದು ಅನ್ನುವವನು ಮೂರ್ಖ’ ಎಂಬರ್ಥದ ಮಾತಾಡಿ ಬಾಯಿ ಮುಚ್ಚಿಸಿದರು. ಒಂದನೇ ಮಹಾಯುದ್ಧದಲ್ಲಿ ಸಕ್ಕರೆಗೆ ಬರ ಬಂದಾಗ ಇದೇ ಮನೆಮನೆಯ ಸಿಹಿಯಾಯಿತು.

ನಂತರ ಬಂದವುಗಳಲ್ಲೂ ಕೈ ತೊಳೆಯದವರೇ ಹೆಚ್ಚು. 1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮೈಕೆಲ್ ಸ್ವೇಡಾ ಪ್ರಯೋಗಾಲಯದ ಮೇಜಿನ ಮೇಲಿಟ್ಟ ಸಿಗರೇಟನ್ನು ಮತ್ತೆ ಬಾಯಿಗಿಟ್ಟಾಗ ಸೈಕ್ಲಮೇಟ್ ಸಿಕ್ಕಿತು. 1965ರಲ್ಲಿ ಹೊಟ್ಟೆಹುಣ್ಣಿನ ಔಷಧಕ್ಕಾಗಿ ದುಡಿಯುತ್ತಿದ್ದ ಜೇಮ್ಸ್ ಶ್ಲಾಟರ್ ಕಾಗದ ಎತ್ತಲು ಬೆರಳು ನೆಕ್ಕಿದಾಗ ಆಸ್ಪರ್ಟೇಮ್. 1967ರಲ್ಲಿ ಜರ್ಮನಿಯಲ್ಲಿ ಅಸಿಸಲ್ಫೇಮ್. 1976ರಲ್ಲಿ ಲಂಡನ್ನಿನಲ್ಲಿ ಸುಕ್ರಲೋಸ್: ‘ಟೆಸ್ಟ್ ಮಾಡು’ ಎಂದದ್ದನ್ನು ಶಶಿಕಾಂತ್ ಫಡ್ನಿಸ್ ‘ಟೇಸ್ಟ್ ಮಾಡು’ ಎಂದು ಕೇಳಿಸಿಕೊಂಡು ನಾಲಿಗೆಗೆ ಹಚ್ಚಿದರು. ಇಂದಿನ ಯಾವ ಪ್ರಯೋಗಾಲಯವೂ ಇಂಥದ್ದಕ್ಕೆ ಬಿಡುವುದಿಲ್ಲ, ಬಿಡಲೂಬಾರದು.

ಇವುಗಳ ತೀವ್ರತೆ ಹೀಗಿದೆ: ಸಕ್ಕರೆಗಿಂತ ಸೈಕ್ಲಮೇಟ್ 30–50 ಪಟ್ಟು, ಆಸ್ಪರ್ಟೇಮ್ ಮತ್ತು ಅಸಿಸಲ್ಫೇಮ್ ಸುಮಾರು 200, ಸ್ಯಾಕರಿನ್ 300ರಿಂದ 400, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. ಸಾರ್ಬಿಟಾಲ್, ಮಾಲ್ಟಿಟಾಲ್‌ಗಳದು ಬೇರೆ ಗುಂಪು. ಅವುಗಳ ಸಿಹಿ ಸಕ್ಕರೆಗಿಂತ ಕಡಿಮೆ, ಕ್ಯಾಲೊರಿ ಸೊನ್ನೆಯಲ್ಲ, ಒಂದೇ ಸಲಕ್ಕೆ 20–30 ಗ್ರಾಂ ದಾಟಿದರೆ ಹಲವರಿಗೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಸ್ಟೀವಿಯಾ ಗಿಡದ ಎಲೆಯಿಂದ ಬಂದದ್ದು. ಹಾಗಾಗಿ ‘ಕೃತಕ’ ಅಲ್ಲ, ಆದರೆ ಕೆಲಸ ಅದೇ.

ಕ್ಯಾನ್ಸರ್‌ನ ಹೆದರಿಕೆ ಎಲ್ಲಿಂದ ಬಂತು? ಸ್ಯಾಕರಿನ್ನಿನ ಕಹಿ ಮುಚ್ಚಲು ಹತ್ತು ಭಾಗ ಸೈಕ್ಲಮೇಟ್, ಒಂದು ಭಾಗ ಸ್ಯಾಕರಿನ್ ಬೆರೆಸುವ ರೂಢಿ ಇತ್ತು. ಆ ಮಿಶ್ರಣ ತಿಂದ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡದ್ದರಿಂದ 1969ರಲ್ಲಿ ಅಮೆರಿಕ ಸೈಕ್ಲಮೇಟ್ ನಿಷೇಧಿಸಿತು. ಯುರೋಪಿನಲ್ಲಿ ಅದು ಇಂದಿಗೂ ಇದೆ. 1977ರಲ್ಲಿ ಕೆನಡಾದ ಇಲಿ ಪ್ರಯೋಗದ ನಂತರ ಸ್ಯಾಕರಿನ್ನಿಗೂ ಅದೇ ಗತಿ ಬರುವುದರಲ್ಲಿತ್ತು. ಜನ ಗದ್ದಲ ಎಬ್ಬಿಸಿದ್ದರಿಂದ ಅಮೆರಿಕದ ಸಂಸತ್ತು ನಿಷೇಧ ತಡೆದು, ಡಬ್ಬಿಯ ಮೇಲೆ ಎಚ್ಚರಿಕೆ ಅಚ್ಚು ಹಾಕಿಸಿತು. ಆ ಎಚ್ಚರಿಕೆ ತೆಗೆದದ್ದು 2000ದಲ್ಲಿ. ಕಾರಣ ಸ್ಪಷ್ಟವಿತ್ತು: ಭಾರಿ ಪ್ರಮಾಣದಲ್ಲಿ ಸೋಡಿಯಂ ಸ್ಯಾಕರಿನ್ ತಿಂದಾಗ ಇಲಿಯ ಮೂತ್ರದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಟ್ಟಿ, ಆ ಹರಳು ಮೂತ್ರಕೋಶದ ಒಳಪದರವನ್ನು ತರಚುತ್ತದೆ. ತರಚಿದ್ದು ಮತ್ತೆ ಮತ್ತೆ ಬೆಳೆಯುತ್ತ ಗಡ್ಡೆಯಾಗುತ್ತದೆ. ಮನುಷ್ಯರ ಮೂತ್ರದ ರಚನೆಯೇ ಬೇರೆ, ಆ ಹರಳು ನಮ್ಮಲ್ಲಿ ಕಟ್ಟುವುದಿಲ್ಲ.

2023ರ ಜುಲೈನಲ್ಲಿ ಆಸ್ಪರ್ಟೇಮ್ ಸರದಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು 2ಬಿ ಗುಂಪಿಗೆ, ಅಂದರೆ ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ ಪಟ್ಟಿಗೆ ಸೇರಿಸಿತು. ಈ ಗುಂಪುಗಳು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತವೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅದೇ ವಿಭಾಗದ ಪಟ್ಟಿಯಲ್ಲಿ ಅಡಿಕೆ ಒಂದನೇ ಗುಂಪಿನಲ್ಲಿದೆ, ಸಂಶಯಕ್ಕೆ ಎಡೆಯಿಲ್ಲದ ಜಾಗ. ಬಾಯಲ್ಲಿ ಅಡಿಕೆ ಪುಡಿ ಇಟ್ಟುಕೊಂಡು ಚಾದ ಗುಳಿಗೆಗೆ ಹೆದರುವುದು ಲೆಕ್ಕ ತಪ್ಪಿದ ಹೆದರಿಕೆ. ಆಸ್ಪರ್ಟೇಮ್ ನಿಜವಾಗಿ ಕೂಡದ್ದು ಫಿನೈಲ್‌ಕೀಟೋನೂರಿಯಾ ಎಂಬ ಹುಟ್ಟುದೋಷ ಇರುವವರಿಗೆ. ಅದರಲ್ಲಿರುವ ಫಿನೈಲಾಲನಿನ್ ಅವರ ದೇಹದಲ್ಲಿ ಕರಗದೆ ಸೇರುತ್ತ ಹೋಗಿ ಮಿದುಳಿಗೆ ಪೆಟ್ಟು ಕೊಡುತ್ತದೆ.

ಪ್ರಮಾಣದ ಮಾತಿಗೆ ಬರೋಣ. ಜೀವಮಾನವಿಡೀ ದಿನಾ ಸೇವಿಸಿದರೂ ತೊಂದರೆಯಿಲ್ಲ ಎನ್ನುವ ಮಿತಿಯನ್ನು ತಜ್ಞರು ದೇಹದ ಪ್ರತಿ ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದು ಕಟ್ಟುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಪಾಲುದಾರನಾಗಿರುವ ತಜ್ಞ ಸಮಿತಿಯ ಪ್ರಕಾರ ಆಸ್ಪರ್ಟೇಮ್‌ಗೆ 40, ಸುಕ್ರಲೋಸ್ ಮತ್ತು ಅಸಿಸಲ್ಫೇಮ್‌ಗೆ 15, ಸ್ಯಾಕರಿನ್ನಿಗೆ 5. (ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಸ್ಯಾಕರಿನ್ ಮಿತಿಯನ್ನು 9ಕ್ಕೆ ಏರಿಸಿತು.) 60 ಕಿಲೋ ತೂಕದವರಿಗೆ ಆಸ್ಪರ್ಟೇಮ್ ದಿನಕ್ಕೆ 2400 ಮಿಲಿಗ್ರಾಂ. ಒಂದು ಗುಳಿಗೆಯಲ್ಲಿ 18 ಮಿಲಿಗ್ರಾಂ ಇದೆ ಅಂದುಕೊಂಡರೆ ನೂರಮೂವತ್ತಕ್ಕೂ ಹೆಚ್ಚು ಗುಳಿಗೆ. ಅಷ್ಟು ಚಾ ಕುಡಿಯುವವರು ಬಳ್ಳಾರಿಯಲ್ಲೂ ಇಲ್ಲ.

ಸಕ್ಕರೆಯ ಬದಲು ಸ್ಯಾಕರಿನ್ ಹಾಕಿದ ಮಕ್ಕಳ ಐಸ್ ಕ್ಯಾಂಡಿಯ ಲೆಕ್ಕ ಇಷ್ಟು ಸಮಾಧಾನದ್ದಲ್ಲ. ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಹುಡುಗರು ದಿನಕ್ಕೆ ನಾಲ್ಕೈದು ಚೀಪುತ್ತಾರೆ. ಹತ್ತು ಲೀಟರ್ ನೀರಿಗೆ ಒಂದು ಕಿಲೋ ಸಕ್ಕರೆ ಹಾಕಿದಷ್ಟು ಸಿಹಿ ಬರಬೇಕಾದರೆ, 300 ಪಟ್ಟಿನ ಲೆಕ್ಕದಲ್ಲಿ ಸ್ಯಾಕರಿನ್ ಸುಮಾರು 3.3 ಗ್ರಾಂ ಸಾಕು. ಅಂದರೆ ಲೀಟರಿಗೆ 330 ಮಿಲಿಗ್ರಾಂ, 60 ಮಿಲಿಲೀಟರಿನ ಒಂದು ಕ್ಯಾಂಡಿಗೆ 20. ಹದಿನೈದು ಕಿಲೋ ತೂಕದ ಮಗುವಿನ ಮಿತಿ 75 ಮಿಲಿಗ್ರಾಂ, ನಾಲ್ಕನೇ ಕ್ಯಾಂಡಿಗೆ ದಾಟಿತು. ಇದೂ ತೂಕ ಮಾಡಿ ಹಾಕಿದಾಗಿನ ಮಾತು. 3.3 ಗ್ರಾಂ ತೂಗಲು ಕಿರಾಣಿ ಅಂಗಡಿಯ ತಕ್ಕಡಿ ನಡೆಯುವುದಿಲ್ಲ, ಅಕ್ಕಸಾಲಿಗರ ತಕ್ಕಡಿ ಬೇಕು. ಚಮಚದ ಅಂದಾಜಿನಲ್ಲಿ ಹಾಕಿದರೆ ಎರಡು ಪಟ್ಟು, ಮೂರು ಪಟ್ಟು ಬೀಳುವುದು ದೊಡ್ಡ ಮಾತಲ್ಲ. ಗುರುತು ನಾಲಿಗೆಯಲ್ಲೇ ಇದೆ: ಸಿಹಿ ಹೋದ ಮೇಲೂ ನಾಲಿಗೆಯ ಬುಡದಲ್ಲಿ ಕಬ್ಬಿಣದಂಥ ಕಹಿ ಉಳಿದರೆ ಸ್ಯಾಕರಿನ್ ಜಾಸ್ತಿಯಾಗಿದೆ. ಪ್ರಮಾಣ ಏರಿದಂತೆ ಅದು ಕಹಿಯನ್ನು ಹಿಡಿಯುವ ಗ್ರಾಹಕಗಳನ್ನೂ ಮುಟ್ಟುತ್ತದೆ. ಒಂದು ದಿನ ಮಿತಿ ದಾಟಿದರೆ ಮಗುವಿಗೆ ವಿಷವಾಗುವುದಿಲ್ಲ, ಮಿತಿಯಲ್ಲಿ ಸಾಕಷ್ಟು ಅಂತರ ಇಟ್ಟೇ ಕಟ್ಟಿರುತ್ತಾರೆ. ಮಾರ್ಚಿಯಿಂದ ಜೂನ್‌ವರೆಗೆ ದಿನಾ ದಾಟುವುದು ಮಾತ್ರ ಯಾರೂ ಪರೀಕ್ಷಿಸಿ ಒಪ್ಪಿದ ಸಂಗತಿಯಲ್ಲ.

ತೂಕ ಇಳಿಸಲು ಇವನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿತು. ದೀರ್ಘಕಾಲದಲ್ಲಿ ಮೈಕೊಬ್ಬು ಇಳಿದದ್ದಕ್ಕೆ ಪುರಾವೆ ಸಿಗಲಿಲ್ಲ. ಬದಲಿಗೆ ಬಹಳ ಬಳಸುವವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಹೆಚ್ಚು ಕಂಡವು. ಇಲ್ಲೊಂದು ತೊಡಕಿದೆ: ಮೊದಲೇ ತೂಕ ಹೆಚ್ಚಿರುವವರೇ ಇವುಗಳ ಮೊರೆ ಹೋಗುತ್ತಾರೆ, ಹೀಗಾಗಿ ಯಾವುದು ಕಾರಣ ಯಾವುದು ಫಲ ಎಂದು ಬಿಡಿಸುವುದು ಕಷ್ಟ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಈ ಸಲಹೆ ಅನ್ವಯಿಸದು ಎಂದು ಸಂಸ್ಥೆಯೇ ಹೇಳಿದೆ, ಸುದ್ದಿ ಹಂಚಿದವರು ಅದನ್ನು ಬಿಟ್ಟೇಬಿಟ್ಟರು. 2022ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 120 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ, ಎರಡೇ ವಾರ ಸ್ಯಾಕರಿನ್ ಅಥವಾ ಸುಕ್ರಲೋಸ್ ಸೇವಿಸಿದವರ ಕರುಳಿನ ಬ್ಯಾಕ್ಟೀರಿಯಾ ಬದಲಾಗಿ, ಗ್ಲೂಕೋಸ್ ಕುಡಿದಾಗ ರಕ್ತದ ಸಕ್ಕರೆ ಏರುವ ರೀತಿಯೂ ಬದಲಾದದ್ದು ಕಂಡಿತು. ‘ದೇಹ ಇದನ್ನು ಗಮನಿಸುವುದೇ ಇಲ್ಲ’ ಎಂಬ ಹಳೆಯ ಮಾತು ಇನ್ನು ನಿಲ್ಲದು.

ಅಡುಗೆಮನೆಯಲ್ಲಿ ಕೆಡುವುದು ಬೇರೆ ರೀತಿ. ಆಸ್ಪರ್ಟೇಮ್ ಹಾಕಿ ಪಾಯಸ ಕುದಿಸಿದರೆ ಅದು ಒಡೆದು ಸಿಹಿ ಇಳಿಯುತ್ತದೆ, ಒಲೆಯಿಂದ ಇಳಿಸಿ ಆರಿದ ಮೇಲೆ ಹಾಕಬೇಕು. ಸುಕ್ರಲೋಸ್ ಕುದಿಯುವ ಹಾಲಿಗೆ ತಡೆಯುತ್ತದೆ, ಆದರೆ 120 ಡಿಗ್ರಿ ಮೀರಿದ ಓವನ್‌ನಲ್ಲಿ, ಎಣ್ಣೆಯಲ್ಲಿ ಬೇಡ. ಕ್ಲೋರಿನ್ ಸೇರಿದ ಬೇಡದ ಸಂಯುಕ್ತಗಳು ಹುಟ್ಟಬಹುದು ಎಂದು ಜರ್ಮನಿಯ ಅಪಾಯ ಪರಿಶೀಲನಾ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ. ಶೇಂಗಾ ಉಂಡಿಗೆ ಗುಳಿಗೆ ಪುಡಿ ಹಾಕಿದರೆ ಉಂಡಿ ಕಟ್ಟುವುದೇ ಇಲ್ಲ, ಕಟ್ಟುವುದು ಬೆಲ್ಲದ ಪಾಕ. ಹೋಳಿಗೆಯ ಹೂರಣಕ್ಕೆ ಮೈ ಬರುವುದು, ಮೇಲೆ ಕಂದು ಬಣ್ಣ ಏರುವುದು, ಎರಡು ದಿನ ಕೆಡದೆ ಉಳಿಯುವುದು ಎಲ್ಲ ಬೆಲ್ಲದ್ದೇ ಕೆಲಸ. ‘ಶುಗರ್ ಫ್ರೀ’ ಪೇಡೆಯಲ್ಲಿ ಖೋವಾ, ‘ಶುಗರ್ ಫ್ರೀ’ ಲಡ್ಡುವಿನಲ್ಲಿ ಖರ್ಜೂರ, ತುಪ್ಪ ಇದ್ದೇ ಇರುತ್ತವೆ. ನಾಲ್ಕು ತಿಂದು ಮೀಟರ್ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ.

ಪೊಟ್ಟಣದ ಹಿಂದೆ ಹೆಸರಿಲ್ಲದೆ ಬರೀ ಸಂಖ್ಯೆ ಇರುವುದುಂಟು: 950 ಅಸಿಸಲ್ಫೇಮ್, 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾ, 965 ಮಾಲ್ಟಿಟಾಲ್. ‘ಸಕ್ಕರೆ ಸೇರಿಸಿಲ್ಲ’ ಎಂದರೆ ಸಕ್ಕರೆ ಇಲ್ಲ ಎಂದಲ್ಲ. ಚಾಕ್ಕೆ ಹಾಕುವ ಪುಡಿಯ ಪೊಟ್ಟಣಗಳಲ್ಲೂ ಬಹುಪಾಲು ತುಂಬಿರುವುದು ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್. ಒಂದು ಪೊಟ್ಟಣಕ್ಕೆ ನಗಣ್ಯ, ದಿನಕ್ಕೆ ಹತ್ತಾದರೆ ಎಣಿಸಬೇಕು.

ಇನ್ನು, ಸಕ್ಕರೆಯೇ ಬೇಕಾದ ಎರಡು ಹೊತ್ತುಗಳಿವೆ. ಇನ್ಸುಲಿನ್ ತೆಗೆದುಕೊಂಡು ಉಪವಾಸದಲ್ಲೋ, ಸಿಂಧನೂರಿನ ಗದ್ದೆಯಲ್ಲಿ ನಾಟಿ ಹಚ್ಚುವಾಗಲೋ ಕೈ ನಡುಗಿ, ಬೆವರಿ, ಕಣ್ಣು ಕತ್ತಲಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋಗಿರಬಹುದು. ಆಗ ಡಯಟ್ ಪಾನೀಯವಾಗಲಿ ಸಿಹಿ ಗುಳಿಗೆಯಾಗಲಿ ಏನೂ ಮಾಡವು. 15 ಗ್ರಾಂ, ಅಂದರೆ ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ವಾಂತಿಭೇದಿಯ ಹೊತ್ತು. ಮನೆಯ ಓಆರ್‌ಎಸ್‌ಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರು, ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲ್ಲಿ ಸಕ್ಕರೆ ಹಾಕುವುದು ರುಚಿಗಲ್ಲ. ಕರುಳಿನ ಗೋಡೆ ಗ್ಲೂಕೋಸನ್ನೂ ಸೋಡಿಯಮನ್ನೂ ಜೋಡಿಯಾಗಿ ಒಳಗೆಳೆದುಕೊಳ್ಳುತ್ತದೆ, ಅವುಗಳ ಬೆನ್ನಿಗೆ ನೀರು ಬರುತ್ತದೆ. ಸಕ್ಕರೆ ಕಾಯಿಲೆಯ ಅಜ್ಜಿಗೆಂದು ಸಕ್ಕರೆ ತೆಗೆದು ಎರಡು ಗುಳಿಗೆ ಹಾಕಿ ಕೊಟ್ಟರೆ ಅಜ್ಜಿ ಕುಡಿದದ್ದು ಬರೀ ಉಪ್ಪುನೀರು.