ಫಿಟ್ಸ್ ನಿಂತ ಮೇಲಿನ ಮಂಡೆಬೆಚ್ಚ

ಮಲ್ಪೆಯ ಕಡೆಯ ಆ ಯುವಕ ತಾಯಿಯೊಂದಿಗೆ ಉಡುಪಿಯ ನನ್ನ ಕೋಣೆಗೆ ಬಂದದ್ದು ಮಿದುಳಿನ ಶಸ್ತ್ರಚಿಕಿತ್ಸೆಯಾಗಿ ನಾಲ್ಕನೆಯ ತಿಂಗಳಿನಲ್ಲಿ. (ಒಬ್ಬರ ಕಥೆಯಲ್ಲ ಇದು, ಮೂರು ನಾಲ್ಕು ಮಂದಿಯ ವಿವರಗಳನ್ನು ಸೇರಿಸಿ, ಗುರುತು ಸಿಗದಂತೆ ಬದಲಿಸಿದ್ದೇನೆ.) ಹದಿನೈದು ವರ್ಷ ಕಾಡಿದ್ದ ಫಿಟ್ಸ್ ಆಮೇಲೆ ಒಮ್ಮೆಯೂ ಬಂದಿರಲಿಲ್ಲ. ಹೀಗೆಯೇ ವರ್ಷ ಕಳೆದರೆ, ಆಪರೇಷನ್ನಿನ ಫಲ ಅಳೆಯುವ ಎಂಗೆಲ್ ವರ್ಗೀಕರಣದಲ್ಲಿ ಅವನು ಒಂದನೆಯ ದರ್ಜೆ, ಅಂದರೆ ಶಸ್ತ್ರಚಿಕಿತ್ಸಕರ ಲೆಕ್ಕದಲ್ಲಿ ಪೂರ್ಣ ಯಶಸ್ಸು. ತಾಯಿಯ ಲೆಕ್ಕ ಬೇರೆಯಿತ್ತು. "ಡಾಕ್ಟರೇ, ಫಿಟ್ಸ್ ಹೋಯಿತು, ಮಗನ ನಗುವೂ ಅದರ ಜೊತೆಗೇ ಹೋಯಿತು. ಊಟ ಬೇಡ, ಮಾತು ಬೇಡ. ಬರೀ ಮಂಡೆಬೆಚ್ಚ."

ಅವನಿಗಿದ್ದದ್ದು ಟೆಂಪೊರಲ್ ಲೋಬ್ ಅಪಸ್ಮಾರ, ಅಂದರೆ ಮಿದುಳಿನ ಪಕ್ಕದ, ಕಿವಿಯ ಬಳಿಯ ಭಾಗದಿಂದ ಹುಟ್ಟುವ ಫಿಟ್ಸ್. ಹೊಟ್ಟೆಯಿಂದ ಏನೋ ಮೇಲಕ್ಕೇರಿದಂತಾಗುತ್ತದೆ, ಕಾರಣವಿಲ್ಲದ ಭಯ ನುಗ್ಗುತ್ತದೆ, ಆಮೇಲೆ ಕಣ್ಣು ನೆಟ್ಟಗಾಗಿ ಬಾಯಿ ಚಪ್ಪರಿಸುತ್ತಾ ಲುಂಗಿಯ ಅಂಚನ್ನು ಹಿಸುಕುತ್ತಾ ಒಂದೆರಡು ನಿಮಿಷ ಇಲ್ಲಿ ಇಲ್ಲದವನಾಗುತ್ತಾನೆ. ಇಂಥದ್ದನ್ನು ನೋಡಿದ ಮನೆಯವರು ಮೊದಲು ಪ್ರಶ್ನೆ ಇಡಿಸಿ, ದೈವಕ್ಕೆ ಹರಕೆ ಹೊತ್ತು, ಆಮೇಲೆ ನಮ್ಮಲ್ಲಿಗೆ ಬಂದರೆ ನನಗೆ ಆಶ್ಚರ್ಯವಿಲ್ಲ. ನೋಡಲು ಅದು ಆವೇಶದಂತೆಯೇ ಇರುತ್ತದೆ. ನನ್ನ ಸಿಟ್ಟು ಇರುವುದು ಎರಡು ಔಷಧಿ ಸೋತ ಮೇಲೂ ಮಾತ್ರೆ ಬದಲಿಸುತ್ತಲೇ ವರ್ಷಗಟ್ಟಲೆ ಕಳೆಯುವ ನಮ್ಮ ವೈದ್ಯರ ಮೇಲೆ. ಗ್ಲಾಸ್ಗೋದಿಂದ 2000ರಲ್ಲಿ ಬಂದ ಅಧ್ಯಯನದಲ್ಲಿ, ಹೊಸದಾಗಿ ಚಿಕಿತ್ಸೆ ಆರಂಭಿಸಿದ 470 ರೋಗಿಗಳಲ್ಲಿ ಮೊದಲ ಔಷಧಿಯಿಂದಲೇ ಶೇಕಡಾ 47 ಮಂದಿಗೆ ಫಿಟ್ಸ್ ನಿಂತಿತ್ತು. ಎರಡನೆಯದರಿಂದ ಇನ್ನೂ 13. ಅದರ ನಂತರದ ಪ್ರಯತ್ನಗಳಿಂದ ದಕ್ಕಿದ್ದು ಶೇಕಡಾ 4 ಮಾತ್ರ.

ಆಪರೇಷನ್ ಎಂದರೆ ಜನ ಹೆದರುತ್ತಾರೆ. ಹೆದರಿಕೆಗೆ ಚರಿತ್ರೆಯೂ ಇದೆ: 1953ರಲ್ಲಿ ಫಿಟ್ಸ್ ನಿಲ್ಲಿಸಲೆಂದು ಅಮೆರಿಕದ ಹೆನ್ರಿ ಮೊಲೈಸನ್ ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ (ನೆನಪು ಕಟ್ಟುವ ಭಾಗ) ತೆಗೆದ ಮೇಲೆ ಅವರಿಗೆ ಹೊಸ ನೆನಪುಗಳೇ ಉಳಿಯಲಿಲ್ಲ. ಈಗ ತೆಗೆಯುವುದು ಒಂದೇ ಬದಿಯದನ್ನು, ಅದೂ ವಿಡಿಯೋ ಇಇಜಿ (ಫಿಟ್ಸ್ ಬರುವಾಗ ಮಿದುಳಿನ ವಿದ್ಯುತ್ ಅಲೆಗಳನ್ನು ವಿಡಿಯೋ ಜೊತೆ ದಾಖಲಿಸುವ ಪರೀಕ್ಷೆ), ಎಂಆರ್‌ಐ, ನೆನಪಿನ ಪರೀಕ್ಷೆಗಳು ಮುಗಿದ ಬಳಿಕ. ಫಲ ಸಣ್ಣದಲ್ಲ. ಕೆನಡಾದಲ್ಲಿ 80 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ಗುಂಪಿನ ಶೇಕಡಾ 58 ಮಂದಿ ಒಂದು ವರ್ಷದ ನಂತರ ಪ್ರಜ್ಞೆ ತಪ್ಪಿಸುವ ಫಿಟ್ಸ್‌ನಿಂದ ಮುಕ್ತರಾಗಿದ್ದರು. ಬರೀ ಔಷಧಿಯ ಗುಂಪಿನಲ್ಲಿ ಶೇಕಡಾ 8. ದೆಹಲಿಯ ಏಮ್ಸ್ ಮಕ್ಕಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಬಂತು. ಅಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 77, ಔಷಧಿಯ ಗುಂಪಿನಲ್ಲಿ 7.

ಆದರೆ ಈ ಅಂಕಿಗಳು ಎಣಿಸಿದ್ದು ಫಿಟ್ಸ್ ಅನ್ನು. ಕೆನಡಾದವರು ಖಿನ್ನತೆಯನ್ನೂ ಗಮನಿಸಿದ್ದರು, ಅದು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿತ್ತು. ಅಂದರೆ ಚಾಕು ಖಿನ್ನತೆಯನ್ನು ಹುಟ್ಟಿಸಿತು ಎಂದು ಸುಲಭಕ್ಕೆ ಹೇಳುವಂತಿಲ್ಲ. ಫಿಟ್ಸ್ ನಿಂತ ಎಷ್ಟೋ ಮಂದಿಯ ಮನಸ್ಸು ಕಾಲಕ್ರಮದಲ್ಲಿ ಹಗುರಾಗುವುದನ್ನೂ ನೋಡಿದ್ದೇನೆ. ಆದರೂ ಮೊದಲ ಕೆಲವು ತಿಂಗಳು ನಾಜೂಕಿನವು. ಭಾವನೆಗಳನ್ನು ನಡೆಸುವ ಅಮಿಗ್ಡಲಾದ ಭಾಗವೂ ಆಪರೇಷನ್ನಿನಲ್ಲಿ ಹೋಗಿರುತ್ತದೆ. ಕೆಲವೊಮ್ಮೆ ಲೆವೆಟಿರಾಸೆಟಮ್‌ನಂಥ ಅಪಸ್ಮಾರದ ಮಾತ್ರೆಯೇ ಸಿಡುಕು ತರುತ್ತದೆ.

ಇವನ ವಿಷಯದಲ್ಲಿ ನನಗೆ ಹೆಚ್ಚು ಕಂಡದ್ದು ಇನ್ನೊಂದು. ಮೆಲ್ಬರ್ನ್‌ನ ಸಂಶೋಧಕರು ಅದನ್ನು 'ಸಹಜತೆಯ ಹೊರೆ' ಎಂಬರ್ಥದ ಹೆಸರಿನಿಂದ ಕರೆದಿದ್ದಾರೆ. ಹದಿನೈದು ವರ್ಷ ಇವನನ್ನು ಯಾರೂ ಬೋಟಿಗೆ ಕರೆಯಲಿಲ್ಲ, ಬಾವಿಕಟ್ಟೆಯ ಹತ್ತಿರ ಬಿಡಲಿಲ್ಲ. ಕಾಯಿಲೆ ಅವನ ಉದ್ಯೋಗವೇ ಆಗಿತ್ತು ಎನ್ನಿ. ಈಗ ಚಿಕ್ಕಪ್ಪ, "ಇನ್ನು ನೀನು ಕಡಲಿಗೆ ಬರಬಹುದಲ್ಲ?" ಎನ್ನುತ್ತಾರೆ, ಅತ್ತಿಗೆ ಹೆಣ್ಣು ಹುಡುಕುತ್ತಾರೆ. ಹೆಣ್ಣಿನ ಕಡೆಯವರಿಗೆ ಏನು ಹೇಳುವುದು ಎಂಬುದೇ ಅವನ ರಾತ್ರಿಗಳ ಯೋಚನೆ. ಅಪಸ್ಮಾರ ಮದುವೆಗೆ ಅಡ್ಡಿ ಎಂಬ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲಿಯೇ ತೆಗೆದುಹಾಕಿದ್ದಾರೆ. ಮದುವೆ ದಲ್ಲಾಳಿಗಳ ಬಾಯಿಯಿಂದ ಅದು ಇನ್ನೂ ಹೋಗಿಲ್ಲ.

ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಆರಂಭಿಸಿದೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದರಿಂದ ಫಿಟ್ಸ್ ಮರಳುತ್ತದೆಂಬ ಭಯ ಬೇಡ. ಅಪಸ್ಮಾರದ ಮಾತ್ರೆ ಮುಂದುವರಿಯಿತು. ಕಡಲು ಈಗಲೇ ಬೇಡವೆಂದು ಚಿಕ್ಕಪ್ಪನಿಗೆ ನಾನೇ ಹೇಳಿದೆ, ಮದುವೆಯ ಮಾತಿಗೆ ಒಂದು ವರ್ಷ ಗಡುವು ಕೇಳಿದೆ. ಆಪರೇಷನ್ನಿಗೆ ಮೊದಲೇ ಮನೆಯವರನ್ನು ಕೂರಿಸಿ ಇದನ್ನೆಲ್ಲ ಮಾತನಾಡಬೇಕಿತ್ತು. ಆಗ ನಾವೆಲ್ಲ ಸ್ಕ್ಯಾನ್ ನೋಡುತ್ತಿದ್ದೆವು.

ಜೂನ್‌ನಲ್ಲಿ ಮೀನುಗಾರಿಕೆಗೆ ಮಳೆಗಾಲದ ರಜೆ ಬಿದ್ದಾಗ ಅವನು ಬಲೆ ದುರಸ್ತಿಗೆ ಕುಳಿತ. ಎಡ ಬದಿಯ ಆಪರೇಷನ್ ಆದವರಿಗೆ ಕೆಲವೊಮ್ಮೆ ಹೆಸರುಗಳು ನಾಲಿಗೆಯ ತುದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಕಳೆದ ಸಲ ಬಂದಾಗ ಬಂಗುಡೆ, ಬೂತಾಯಿ ಎಂದು ಸಲೀಸಾಗಿ ಹೇಳಿ, ಮುಂದಿನ ಮೀನಿನ ಹೆಸರಿಗೆ ತಡವರಿಸಿದ. ತಾಯಿ ಬಾಯಿ ತೆರೆದರು. ಅವನು ಕೈ ಎತ್ತಿ ಅವರನ್ನು ತಡೆದು, ಅರ್ಧ ನಿಮಿಷ ಹುಡುಕಿ, "ಅಂಜಲ್" ಎಂದ.