ಬೇಕಲದ ಸಭಾಂಗಣ, ಮಂಗಳೂರಿನ ಗ್ರಾಹಕ: ಸಮ್ಮೇಳನ ನಿರ್ವಹಣೆಯ ತೆರಿಗೆ ಪಾಠ

ಸಭೆ, ಪ್ರೋತ್ಸಾಹಕ ಪ್ರವಾಸ, ಸಮ್ಮೇಳನ, ಪ್ರದರ್ಶನ ಈ ನಾಲ್ಕನ್ನು ಒಟ್ಟಾಗಿ ‘ಮೈಸ್’ ಎನ್ನುತ್ತಾರೆ. ಸಮ್ಮೇಳನ ನಿರ್ವಹಣೆಯ ಕೋರ್ಸಿನಲ್ಲಿ ಇವುಗಳ ವ್ಯತ್ಯಾಸ, ಆಸನ ವ್ಯವಸ್ಥೆಯ ವಿಧಗಳು, ಕೊಠಡಿಗಳ ಮುಂಗಡ ಒಪ್ಪಂದ ಮೊದಲಾದವು ಒಮ್ಮೆ ಓದಿದರೆ ತಿಳಿಯುವಂಥವು. ಸಮ್ಮೇಳನ ಕ್ಷೇತ್ರದ ಅಂತರರಾಷ್ಟ್ರೀಯ ಸಂಘಟನೆಯಾದ ಐಸಿಸಿಎ ತನ್ನ ಅಂಕಿಅಂಶಗಳಲ್ಲಿ ಒಂದು ಸಂಘದ ಸಮ್ಮೇಳನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದರೆ ಕನಿಷ್ಠ 50 ಪ್ರತಿನಿಧಿಗಳಿರಬೇಕು, ಅದು ನಿಯತವಾಗಿ ಜರಗುತ್ತಿರಬೇಕು ಮತ್ತು ಕನಿಷ್ಠ 3 ದೇಶಗಳ ನಡುವೆ ಸರದಿಯಲ್ಲಿ ಸಾಗಬೇಕು ಎಂಬುದನ್ನು ಪರೀಕ್ಷೆಗಾಗಿ ನೆನಪಿಟ್ಟರೆ ಸಾಕು.

ಪೂರೈಕೆಯ ಸ್ಥಳ

ಕಷ್ಟವಾದದ್ದು ಬಿಲ್ಲಿನ ಪಾಠ. ಪಠ್ಯದ ಉದಾಹರಣೆಗಳಲ್ಲಿ ಆಯೋಜಕ, ಗ್ರಾಹಕ, ಸಭಾಂಗಣ ಮೂರೂ ಒಂದೇ ರಾಜ್ಯದಲ್ಲಿರುತ್ತವೆ. ತಲಪಾಡಿ ದಾಟಿದೊಡನೆ ಕರ್ನಾಟಕವಾಗುವ ಕಾಸರಗೋಡಿನವರಿಗೆ ಆ ಉದಾಹರಣೆಗಳು ಸಾಲವು, ಏಕೆಂದರೆ ಇಲ್ಲಿ ಕೆಲಸ ಮಾಡುವವರಿಗೆ ಮಂಗಳೂರಿನ ಗ್ರಾಹಕರು ಸಿಗುವುದು ಸಹಜ.

ಮಂಗಳೂರಿನ ಒಂದು ಕಂಪನಿ ಬೇಕಲದ ಹೋಟೆಲಿನಲ್ಲಿ ಮಾರಾಟಗಾರರ ಸಭೆ ನಡೆಸುತ್ತದೆ ಎಂದಿಟ್ಟುಕೊಳ್ಳಿ. ಸಭಾಂಗಣದ ಬಾಡಿಗೆ 1,00,000 ರೂಪಾಯಿ, ಜಿಎಸ್‌ಟಿ ಶೇ. 18. ಕಂಪನಿಯೇ ನೇರವಾಗಿ ಸಭಾಂಗಣವನ್ನು ಗೊತ್ತುಮಾಡಿದರೆ, 2017ರ ಐಜಿಎಸ್‌ಟಿ (ಅಂತರರಾಜ್ಯ ಪೂರೈಕೆಯ ಮೇಲಿನ ಜಿಎಸ್‌ಟಿ) ಕಾಯ್ದೆಯ 12ನೇ ಕಲಮಿನ 3ನೇ ಉಪಕಲಮು ಅನ್ವಯಿಸುತ್ತದೆ: ಸ್ಥಿರಾಸ್ತಿ ಎಲ್ಲಿದೆಯೋ ಅದೇ ಪೂರೈಕೆಯ ಸ್ಥಳ, ಅಂದರೆ ತೆರಿಗೆಯ ಲೆಕ್ಕಕ್ಕೆ ಸೇವೆ ಸಂದಿತೆಂದು ಎಣಿಸುವ ಸ್ಥಳ. ಹೋಟೆಲು ಕೇರಳದಲ್ಲಿದೆ, ಪೂರೈಕೆಯ ಸ್ಥಳವೂ ಕೇರಳ. ಆದ್ದರಿಂದ ಹೋಟೆಲಿನವರು 9,000 ರೂಪಾಯಿ ಸಿಜಿಎಸ್‌ಟಿಯನ್ನೂ (ಕೇಂದ್ರದ ಪಾಲು) 9,000 ರೂಪಾಯಿ ಕೇರಳದ ಎಸ್‌ಜಿಎಸ್‌ಟಿಯನ್ನೂ (ರಾಜ್ಯದ ಪಾಲು) ಹಾಕುತ್ತಾರೆ. ಕರ್ನಾಟಕದಲ್ಲಿ ಮಾತ್ರ ನೋಂದಣಿಯುಳ್ಳ ಆ ಕಂಪನಿಗೆ ಇದರ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ದೊರೆಯದು. ಎಸ್‌ಜಿಎಸ್‌ಟಿ ಮಾತ್ರವಲ್ಲ, ಸಿಜಿಎಸ್‌ಟಿಯೂ ದೊರೆಯದು. ಸಿಜಿಎಸ್‌ಟಿ ಕೇಂದ್ರದ ತೆರಿಗೆಯಾದ ಕಾರಣ ಯಾವ ರಾಜ್ಯದಲ್ಲಾದರೂ ಬಳಸಬಹುದೆಂದು ಅನ್ನಿಸುತ್ತದೆ, ಗೊಂದಲದ ಮೂಲವೇ ಇದು. ಕ್ರೆಡಿಟ್ ನೋಂದಣಿಗೆ ಅಂಟಿಕೊಂಡಿರುತ್ತದೆ, ನೋಂದಣಿ ರಾಜ್ಯಕ್ಕೆ ಅಂಟಿಕೊಂಡಿರುತ್ತದೆ. 18,000 ರೂಪಾಯಿ ಪೂರ್ತಿ ಖರ್ಚಿನ ಬಾಬ್ತಿಗೆ ಹೋಗುತ್ತದೆ.

ಇನ್ನು ಸಭೆಯನ್ನು ಆಯೋಜಿಸಿಕೊಡುವ ಸೇವೆಯನ್ನು ನೋಡೋಣ. ಇದಕ್ಕೆ ಅದೇ ಕಲಮಿನ 7ನೇ ಉಪಕಲಮು. ಗ್ರಾಹಕ ನೋಂದಾಯಿತನಾಗಿದ್ದರೆ ಪೂರೈಕೆಯ ಸ್ಥಳ ಗ್ರಾಹಕನಿರುವ ಸ್ಥಳ. ಸಭೆ ಎಲ್ಲಿ ನಡೆಯಿತೆಂಬುದು ಇಲ್ಲಿ ಮುಖ್ಯವಲ್ಲ. ಕಾಸರಗೋಡಿನ ನೋಂದಾಯಿತ ಆಯೋಜಕ ಮಂಗಳೂರಿನ ಆ ಕಂಪನಿಗೆ ಬಿಲ್ಲು ಮಾಡಿದರೆ ಅದು ಅಂತರರಾಜ್ಯ ಪೂರೈಕೆಯಾಗಿ ಐಜಿಎಸ್‌ಟಿ ಬೀಳುತ್ತದೆ, ಕಂಪನಿಗೆ ಕ್ರೆಡಿಟ್ ಸಿಗುತ್ತದೆ. ಒಂದೇ ಸಭೆ, ಒಂದೇ ಕಟ್ಟಡ. ಆದರೂ ಎರಡು ಬಿಲ್ಲುಗಳ ಪೂರೈಕೆಯ ಸ್ಥಳ ಎರಡು ರಾಜ್ಯಗಳಲ್ಲಿದೆ. ಸಭೆ ನಡೆದ ಊರನ್ನೇ ಹಿಡಿದು ಲೆಕ್ಕ ಹಾಕುವವರು ಎಡವುವುದು ಇಲ್ಲಿಯೇ.

ಆದುದರಿಂದ ಲೆಕ್ಕವನ್ನು ಆರಂಭಿಸುವ ಮೊದಲು ಪ್ರತಿಯೊಬ್ಬರ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕೆಗಳನ್ನು ಕಾಗದದ ಅಂಚಿನಲ್ಲಿ ಬರೆದುಕೊಳ್ಳುವುದು ನನಗೆ ಅತ್ಯಂತ ಪ್ರಯೋಜನಕಾರಿ ಎನಿಸಿದ ಉಪಾಯ. ಕೇರಳ 32, ಕರ್ನಾಟಕ 29. ಹೋಟೆಲು 32, ಆಯೋಜಕ 32, ಗ್ರಾಹಕ 29 ಎಂದು ಬರೆದ ಮೇಲೆ ‘ಈ ಬಿಲ್ಲು ಕಟ್ಟಡವನ್ನು ಹಿಂಬಾಲಿಸುತ್ತದೆಯೋ, ಗ್ರಾಹಕನನ್ನೋ?’ ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ. ವೇದಿಕೆಯ ಅಲಂಕಾರಕ್ಕೆ ಮೀಸಲಾದ ತರಗತಿಗಳಲ್ಲಿ ಕೆಲವನ್ನಾದರೂ ಇದಕ್ಕೆ ಕೊಟ್ಟಿದ್ದರೆ ಗಡಿನಾಡಿನ ವಿದ್ಯಾರ್ಥಿಗಳಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ಉಳಿದ ಸಂದರ್ಭಗಳು

ಗ್ರಾಹಕನಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, ಉದಾಹರಣೆಗೆ ಮಂಗಳೂರಿನ ಹಳೆ ವಿದ್ಯಾರ್ಥಿಗಳ ಸಂಘವಾಗಿದ್ದರೆ, ಆಯೋಜನೆಯ ಸೇವೆಗೂ ಕಾರ್ಯಕ್ರಮ ನಡೆಯುವ ಸ್ಥಳವೇ ಪೂರೈಕೆಯ ಸ್ಥಳ. ಪ್ರವೇಶ ಟಿಕೆಟಿಗೆ 6ನೇ ಉಪಕಲಮು: ಕೊಂಡವನು ಯಾರೇ ಇರಲಿ, ಕಾರ್ಯಕ್ರಮ ನಡೆಯುವ ಸ್ಥಳ. ಗ್ರಾಹಕ ವಿದೇಶದವನಾದರೆ 12ನೇ ಕಲಮನ್ನು ಬಿಟ್ಟು 13ನೆಯದಕ್ಕೆ ಹೋಗಬೇಕು. ಅದರ 5ನೇ ಉಪಕಲಮಿನ ಪ್ರಕಾರ ಕಾರ್ಯಕ್ರಮ ನಡೆದ ಸ್ಥಳವೇ ನಿರ್ಣಾಯಕವಾದ್ದರಿಂದ, ಹಣ ಡಾಲರಿನಲ್ಲಿ ಬಂದರೂ ಬೇಕಲದಲ್ಲಿ ನಡೆಸಿಕೊಟ್ಟ ಸಮ್ಮೇಳನ ಸೇವಾ ರಫ್ತು ಎನಿಸುವುದಿಲ್ಲ.